ಬೇಂಗದ ಮರಕ್ಕೊಂದು ಬೋರ್ಡು

ಪ್ರಕೃತಿಯ ಮೇಲೆ ನನಗಿರುವ ಪ್ರೀತಿ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಮೊದಲು ಕಣ್ಣು ಬಿಡುವುದಿಲ್ಲ. ಹಾಗಿದ್ದೂ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕೆಲವು ವರ್ಷ ಭಾನುವಾರ ಬಂತೆಂದರೆ ಬೆಳಕು ಹರಿಯುವ ಹೊತ್ತಿಗೆ ನಾನು ಕ್ಯಾನ್ವಾಸ್ ಶೂ ತೊಟ್ಟು, ಹೆಗಲಿಗೆ ನೀರಿನ ಬಾಟಲಿ ನೇತುಹಾಕಿಕೊಂಡು ಮಣಿಪಾಲದ ಬಸ್ ನಿಲ್ದಾಣದಲ್ಲಿ ನಿಂತಿರುತ್ತಿದ್ದೆ. ಯಾಕೆ ನಿಂತಿರುತ್ತಿದ್ದೆ ಎಂದು ಈಗ ಯಾರಾದರೂ ಕೇಳಿದರೆ ಪರಿಸರದ ಕಾಳಜಿ ಎನ್ನುತ್ತೇನೆ. ಆಗ ಬರೆದ ದಿನಚರಿಯನ್ನು ತೆರೆದರೆ ಅದು ಬೇರೆಯದೇ ಹೇಳುತ್ತದೆ: ‘ಹೋಟೆಲಿನ ಇಡ್ಲಿ ಮೆತ್ತಗಿತ್ತು. ಚಟ್ನಿಗೆ ಶುಂಠಿ ಹಾಕಿದ್ದರು.’ ಇತಿಹಾಸದಲ್ಲಿ ಎಂ.ಎ. ಮಾಡಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವಳು ನಾನು. ಒಂದೇ ಸಂಗತಿಗೆ ಎರಡು ಸಾಕ್ಷಿ ಸಿಕ್ಕರೆ ಎರಡನ್ನೂ ಪೂರ್ತಿ ನಂಬಬಾರದು ಎಂಬುದಷ್ಟೇ ಆ ಪದವಿಯಿಂದ ನನಗೆ ದಕ್ಕಿದ್ದು. ಆದ್ದರಿಂದ ಮುಂದೆ ಹೇಳುವುದನ್ನೂ ನೀವು ಸ್ವಲ್ಪ ಉಪ್ಪು ಹುಳಿ ನೋಡಿಕೊಂಡೇ ಓದಬೇಕು.

ನಮ್ಮದು ಸುತ್ತಮುತ್ತಲಿನ ಗಿಡಮರಗಳನ್ನು ಗುರುತಿಸಲು ಕಲಿಯುವವರ ಬಳಗ. ಬಳಗಕ್ಕೊಂದು ಹೆಸರೂ ಇತ್ತು. ಸಂಸ್ಕೃತದಲ್ಲಿತ್ತು, ಬ್ಯಾನರಿನ ಉದ್ದಕ್ಕೆ ಸರಿಯಾಗಿತ್ತು, ಸದಸ್ಯರಿಗೆ ಮಾತ್ರ ಬಾಯಿಪಾಠ ಬರುತ್ತಿರಲಿಲ್ಲ. ನಮ್ಮ ನೆಲದ ಸಸ್ಯಗಳನ್ನು ಉಳಿಸುವ ಪಣ ತೊಟ್ಟ ಈ ಬಳಗದ ಉದ್ಘಾಟನೆಯ ದಿನ ಅತಿಥಿಗಳ ಕೈಯಿಂದ ನೆಡಿಸಿದ್ದು ಗುಲ್‌ಮೊಹರ್ ಸಸಿ. ಅದು ಕಡಲಾಚೆಯಿಂದ ಬಂದ ಮರ ಎಂದು ಒಬ್ಬರು ಮೆಲ್ಲಗೆ ಹೇಳಿದ್ದಕ್ಕೆ, ಅತಿಥಿಗಳೂ ದುಬೈಯಿಂದಲೇ ಬಂದದ್ದು ಎಂಬ ಉತ್ತರ ಸಿಕ್ಕಿತು.

ಆಮೇಲೆ ನಾವು ತಿರುಗಿದ ಜಾಗಗಳಿಗೇನೂ ಕಡಿಮೆಯಿಲ್ಲ. ಮರಳನ್ನು ಹಿಡಿದು ನಿಲ್ಲಿಸುವ ಅಡುಂಬಿನ ಬಳ್ಳಿಯನ್ನು ನೋಡಲೆಂದು ಕಾಪುವಿಗೆ ಹೋದೆವು. ಎಲ್ಲರೂ ದೀಪಸ್ತಂಭ ಹತ್ತಿ ಫೋಟೋ ತೆಗೆಸಿಕೊಂಡೆವು; ಬಳ್ಳಿಯ ಮೇಲೆ ಚಪ್ಪಲಿ ಬಿಟ್ಟಿದ್ದೆವೆಂಬುದು ಇಳಿದು ಬಂದ ಮೇಲೆ ತಿಳಿಯಿತು. ಕಾರ್ಕಳದ ಪಾರೆಗಲ್ಲಿನ ಹಾಸಿನ ಮೇಲೆ ಮಳೆಗಾಲದಲ್ಲಿ ಮಾತ್ರ ಅರಳುವ ಪುಟ್ಟ ಹೂಗಳನ್ನು ನೋಡಲು ಮಳೆಗಾಲದಲ್ಲೇ ಹೋದೆವು. ಮಳೆ ಬಂತು ಎಂಬ ಕಾರಣಕ್ಕೆ ವ್ಯಾನಿನಿಂದ ಯಾರೂ ಇಳಿಯಲಿಲ್ಲ. ಹೀಗೆ ನಿಸರ್ಗಕ್ಕೂ ನಮಗೂ ನಡುವೆ ಒಂದು ಗಾಜು ಉಳಿದೇ ಇತ್ತು. ಅದನ್ನು ಒರೆಸಿ ಒರೆಸಿ ನಮಗೆ ಹೊರಗಿನದನ್ನು ತೋರಿಸಲು ಹೆಣಗುತ್ತಿದ್ದವರು ಒಬ್ಬರೇ, ರಾವ್ ಮಾಸ್ಟ್ರು.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾಗಿ ಕಲ್ಯಾಣಪುರದಲ್ಲಿದ್ದ ಮಾಸ್ಟ್ರಿಗೆ ಎರಡು ತೊಂದರೆಗಳಿದ್ದವು. ಒಂದು, ಅವರಿಗೆ ನಿಜವಾಗಿಯೂ ಗಿಡಗಳ ಬಗ್ಗೆ ಗೊತ್ತಿತ್ತು. ಇಂಥ ಬಳಗಗಳಲ್ಲಿ ಅದು ಮುಜುಗರದ ಸಂಗತಿ. ಎರಡು, ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮದುವೆ ಮನೆಯಲ್ಲಿ ಊಟ ಹೇಗಿತ್ತು ಮಾಸ್ಟ್ರೇ ಎಂದು ವಧುವಿನ ತಂದೆ ಕೈಮುಗಿದು ಕೇಳಿದರೆ, ಸಾರಿಗೆ ಉಪ್ಪು ಜಾಸ್ತಿ ಎಂದು ಹೇಳಿ, ಕೈತೊಳೆದು, ಉಡುಗೊರೆ ಕೊಟ್ಟು ಬರುವ ಮನುಷ್ಯ. ಅವರನ್ನು ಮದುವೆಗೆ ಕರೆಯುವಾಗ ಜನ ಎರಡು ಸಲ ಯೋಚಿಸುತ್ತಿದ್ದರು. ಕರೆಯದಿದ್ದರೆ ಯಾಕೆ ಕರೆಯಲಿಲ್ಲವೆಂದು ನೇರವಾಗಿ ಕೇಳಿಯಾರೆಂದು ಕರೆಯುತ್ತಿದ್ದರು.

ಮರಗಳಿಗೆ ಬೋರ್ಡು ಹಾಕುವ ಯೋಜನೆ ಹುಟ್ಟಿದ್ದು ನಮ್ಮ ಅಧ್ಯಕ್ಷರ ತಲೆಯಲ್ಲಿ. ಹಾರ್ಡ್‌ವೇರ್ ಅಂಗಡಿಯ ಧಣಿ. ತಗಡು, ಬಣ್ಣ, ಕಬ್ಬಿಣದ ಕಂಬ ಎಲ್ಲ ಅಂಗಡಿಯಲ್ಲೇ ಇದ್ದುದರಿಂದ ಪರಿಸರ ಪ್ರೇಮ ಆ ರೂಪ ತಾಳಿದ್ದು ಸಹಜ. ಮಣಿಪಾಲದ ಗುಡ್ಡದಿಂದ ಸ್ವರ್ಣಾ ನದಿಯ ಕಡೆ ಇಳಿಯುವ ರಸ್ತೆಯಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುವವರು ಸಾಲುಗಟ್ಟಿ ಹೋಗುತ್ತಾರೆ. ಆ ರಸ್ತೆಯ ಬದಿಯ ಮರಗಳಿಗೆ ಒಂದೊಂದು ಬೋರ್ಡು. ಕನ್ನಡದ ಹೆಸರು, ತುಳುವಿನ ಹೆಸರು, ಶಾಸ್ತ್ರೀಯ ಹೆಸರು, ಕೊನೆಯಲ್ಲಿ ‘ಉಪಯೋಗ’. ನಡೆಯುತ್ತಾ ನಡೆಯುತ್ತಾ ಜನ ಕಲಿಯಲಿ ಎಂಬುದು ಉದ್ದೇಶ. ಬೋರ್ಡಿನ ಅಡಿಯಲ್ಲಿ ಅಂಗಡಿಯ ಹೆಸರು ಎಂಬುದು ಉದ್ದೇಶದ ಅಡಿಯ ಉದ್ದೇಶ.

ಮಾಸ್ಟ್ರು ಎಲ್ಲಕ್ಕೂ ಒಪ್ಪಿದರು, ‘ಉಪಯೋಗ’ಕ್ಕೆ ಒಪ್ಪಲಿಲ್ಲ.

“ಮರಕ್ಕೆ ಎಂತದ್ದು ಉಪಯೋಗ? ನಿಮ್ಮಿಂದ ಎಂತ ಉಪಯೋಗ ಅಂತ ನಿಮ್ಮ ಕುತ್ತಿಗೆಗೆ ಬೋರ್ಡು ಹಾಕ್ಲಿಕ್ಕೆ ಉಂಟಾ?” ಎಂದು ಅಧ್ಯಕ್ಷರನ್ನೇ ಕೇಳಿದರು.

ಅಧ್ಯಕ್ಷರು ಬೇಸರಿಸಲಿಲ್ಲ. ಬೇಸರಿಸುವವರು ಹಾರ್ಡ್‌ವೇರ್ ಅಂಗಡಿ ಇಡುವುದಿಲ್ಲ. “ಉಪಯೋಗ ಬರೆಯದಿದ್ದರೆ ಯಾರು ಓದ್ತಾರೆ ಮಾಸ್ಟ್ರೇ? ನಾನೇ ಓದುವುದಿಲ್ಲ,” ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾವೆಲ್ಲ ಕೈ ಎತ್ತಿದೆವು, ಉಪಯೋಗ ಗೆದ್ದಿತು. ಮರಕ್ಕೆ ಮೊಳೆ ಹೊಡೆದು ನೋಯಿಸಬಾರದು, ಪಕ್ಕದಲ್ಲಿ ಕಂಬ ನೆಟ್ಟೇ ಬೋರ್ಡು ಹಾಕಬೇಕು ಎಂಬ ಮಾಸ್ಟ್ರ ಮಾತಿಗೂ ಕೈ ಎತ್ತಿದೆವು. ಕೈ ಎತ್ತುವುದರಲ್ಲಿ ನಮ್ಮ ಬಳಗ ಎಂದೂ ಹಿಂದೆ ಬಿದ್ದದ್ದಿಲ್ಲ.

ಆ ರಸ್ತೆ ಇಳಿಜಾರಿನಲ್ಲಿ ಒಂದು ಕಡೆ ಸುಮ್ಮನೆ ಸೊಂಟ ಬಳುಕಿಸಿದ ಹಾಗೆ ತಿರುಗುತ್ತದೆ. ಹಿಂದೊಮ್ಮೆ ರಸ್ತೆ ಅಗಲ ಮಾಡಿದವರು ಅಲ್ಲಿದ್ದ ದೊಡ್ಡದೊಂದು ಮರವನ್ನು ಕಡಿಯದೆ ಬಳಸಿಕೊಂಡು ಹೋದದ್ದರಿಂದ ಆದ ತಿರುವು ಅದು. ಆ ತಿರುವಿನಲ್ಲಿ ಉಳಿದ ತುಂಡು ಜಾಗದಲ್ಲಿ ವಾರಿಜಕ್ಕನ ಗೂಡಂಗಡಿ. ಸೀಯಾಳ, ಸೋಡಾ ಶರಬತ್ತು, ಮಜ್ಜಿಗೆ. ಸೊಂಟ ಹಿಡಿದು ದೋಣಿಗೆ ಹೋಗುವುದನ್ನು ಬಿಟ್ಟ ಗಂಡ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಎಲ್ಲರ ಹೊಟ್ಟೆಯೂ ಆ ತಿರುವಿನ ಮೇಲೆ ನಿಂತಿತ್ತು. ಮರದ ಹೆಸರೇನೆಂದು ನಾವು ಮೊದಲ ದಿನ ಅವಳನ್ನೇ ಕೇಳಿದೆವು. ಹಳ್ಳಿಯವರಿಗೆ ಮರದ ಭಾಷೆ ತಿಳಿದಿರುತ್ತದೆ ಎಂಬುದು ನಮ್ಮಂಥ ಪೇಟೆಯವರ ನಂಬಿಕೆ. ಅವಳು ಮೇಲೆ ನೋಡಿ, ಕೆಳಗೆ ನೋಡಿ, ತಾನು ಕಡಲ ಬದಿಯ ಎರ್ಮಾಳಿನವಳು, ಮೀನಾದರೆ ಬಾಲ ನೋಡಿ ಹೇಳಿಯೇನು, ಮರದ್ದು ತನಗೆಂತ ಗೊತ್ತು, ಇದಕ್ಕೆ ತಾನು ನೆರಳು ಅಂತ ಹೇಳುವುದು ಎಂದಳು.

ಅದು ಬೇಂಗದ ಮರ. ಘಟ್ಟದ ಮೇಲಿನವರು ನೆತ್ತರು ಹೊನ್ನೆ ಎನ್ನುತ್ತಾರೆ. ಗಾಯವಾದರೆ ಕೆಂಪು ರಸ ಒಸರುತ್ತದೆ. ಅದರ ಕಾಯಿ ಚಪ್ಪಟೆಯಾಗಿ, ಸುತ್ತ ರೆಕ್ಕೆ ಕಟ್ಟಿಕೊಂಡು, ಗಾಳಿಗೆ ಸಣ್ಣ ಹಪ್ಪಳದ ಹಾಗೆ ಸುತ್ತುತ್ತಾ ಬೀಳುತ್ತದೆ ಎಂದು ಮಾಸ್ಟ್ರು ಹೇಳುತ್ತಿದ್ದುದು ನನಗೆ ನೆನಪಿದೆ. ಬೋರ್ಡಿನಲ್ಲಿ ಅದು ಯಾವುದೂ ಬರಲಿಲ್ಲ, ಜಾಗ ಸಾಲಲಿಲ್ಲ. ‘ಉಪಯೋಗ: ಸಕ್ಕರೆ ಕಾಯಿಲೆಗೆ ಮದ್ದು’ ಎಂದು ಬಂತು.

ಆ ರಸ್ತೆಯಲ್ಲಿ ಬೆಳಿಗ್ಗೆ ನಡೆಯುವವರು ಪ್ರಕೃತಿ ಸೌಂದರ್ಯಕ್ಕೆ ನಡೆಯುತ್ತಾರೆಂದು ನಾವು ತಿಳಿದಿದ್ದೆವು. ಡಾಕ್ಟರು ಹೆದರಿಸಿದ್ದಕ್ಕೆ ನಡೆಯುತ್ತಿದ್ದರು. ಊರಿನ ಸಕ್ಕರೆಯೆಲ್ಲ ದಿನಾ ಬೆಳಿಗ್ಗೆ ಬಿಳಿ ಶೂ ಹಾಕಿಕೊಂಡು ಆ ಇಳಿಜಾರಿನಲ್ಲಿ ಇಳಿದು ಹತ್ತುತ್ತಿತ್ತು. ಬೋರ್ಡು ಹಾಕಿದ್ದು ದೀಪಾವಳಿ ಕಳೆದ ಮೇಲೆ. ಮೊದಲ ವಾರ ಜನ ನಿಂತು ಓದಿದರು. ಅಧ್ಯಕ್ಷರು ಅದರ ಫೋಟೋ ತೆಗೆಸಿದರು. ಎರಡನೆಯ ವಾರ ಓದಿದವರ ಕೈಯಲ್ಲಿ ಪೇನಾಕತ್ತಿ ಇತ್ತು.

ಮೊದಲಿಗೆ ಒಂದು ಅಂಗೈಯಷ್ಟು ತೊಗಟೆ. ಆಮೇಲೆ ಎಟುಕುವಷ್ಟೆತ್ತರಕ್ಕೆ ಎಲ್ಲ ಕಡೆ. ಕೆಂಪು ರಸ ಧಾರೆಯಾಗಿ ಇಳಿದು ಒಣಗಿ ಕಪ್ಪಾಯಿತು. ಅದನ್ನು ಕಂಡು ಯಾರಿಗಾದರೂ ಅಯ್ಯೋ ಅನ್ನಿಸಿತೇ? ಇಷ್ಟು ಕೆಂಪಿದ್ದರೆ ಶಕ್ತಿ ಇರಲೇಬೇಕು ಎಂದು ಇನ್ನಷ್ಟು ಕೆತ್ತಿದರು. ನಿವೃತ್ತ ಎಂಜಿನಿಯರು, ಕೊಲ್ಲಿಯಿಂದ ರಜೆಗೆ ಬಂದವರು, ಗೌರವಾನ್ವಿತ ಮಹಿಳೆಯರು, ಹೀಗೆ ಪೇಟೆಯಲ್ಲಿ ಕಂಡರೆ ಕೈಮುಗಿಯಬೇಕಾದವರೆಲ್ಲ ಬೆಳಕಾಗುವ ಹೊತ್ತಿಗೆ ಆ ಮರದ ಹಿಂದೆ ಯಾರನ್ನೂ ನೋಡದವರಂತೆ ನಿಂತಿರುತ್ತಿದ್ದರು. ನಮ್ಮ ಅಧ್ಯಕ್ಷರ ಕಾರೂ ಅಲ್ಲಿ ನಿಲ್ಲುತ್ತಿತ್ತು ಎಂದು ನನ್ನ ನೆನಪು. ನನ್ನ ಗಂಡ ಅದು ಬೇರೆ ಯಾರದೋ ಬಿಳಿ ಕಾರು ಎನ್ನುತ್ತಾರೆ. ಅವರಿಗೆ ಅಧ್ಯಕ್ಷರ ಅಂಗಡಿಯಲ್ಲಿ ರಿಯಾಯಿತಿ ಉಂಟು.

ವಾರಿಜಕ್ಕ ಇದನ್ನೆಲ್ಲ ಕಂಡು ಮರುಗಿದಳು ಎಂದು ಬರೆದರೆ ಪ್ರಬಂಧ ಚೆನ್ನಾಗಿರುತ್ತಿತ್ತು. ಅವಳು ಒಂದು ಸ್ಟೀಲಿನ ಕೊಡ ತಂದಿಟ್ಟಳು. ಕೆತ್ತುವವರ ಕೈಯಿಂದ ಉದುರಿದ ಚಕ್ಕೆಗಳನ್ನು ಹೆಕ್ಕಿ ರಾತ್ರಿ ನೀರಿನಲ್ಲಿ ಹಾಕಿಟ್ಟು, ಬೆಳಿಗ್ಗೆ ‘ಬೇಂಗದ ನೀರು’ ಎಂದು ಲೋಟದಲ್ಲಿ ಮಾರತೊಡಗಿದಳು. ಸೀಯಾಳಕ್ಕಿಂತ ಅದೇ ಹೆಚ್ಚು ಖರ್ಚಾಯಿತು. ನಾನೂ ಒಂದು ಲೋಟ ಕುಡಿದೆ. ಬಾಯೆಲ್ಲ ಒಗರಾಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಇಷ್ಟು ಕೆಟ್ಟದಾಗಿರುವುದರಿಂದ ಒಳ್ಳೆಯದೇ ಇರಬೇಕು ಎಂದು ನನಗೂ ಅನ್ನಿಸಿತು.

ಚಳಿಗಾಲದ ಕೊನೆಯ ಹೊತ್ತಿಗೆ ಮರದ ಒಂದು ಮಗ್ಗುಲು ಒಣಗಿತು. ಎಲೆ ಉದುರಿಸುವುದು ಆ ಮರದ ಪದ್ಧತಿಯೇ, ಆದರೆ ಇದು ಅದಲ್ಲ, ಕೊಂಬೆಯೇ ಕಡ್ಡಿಯಾಗಿದೆ ಎಂದು ಮಾಸ್ಟ್ರು ಉಗುರಿನಿಂದ ಕೆರೆದು ತೋರಿಸಿದರು. ಕಾಂಡದ ಸುತ್ತ ತೊಗಟೆ ಉಳಿದಿದ್ದದ್ದು ಒಂದು ಗೇಣಿನಷ್ಟು ಪಟ್ಟಿ ಮಾತ್ರ. ಅದೂ ಹೋದರೆ ಬೇರಿಗೂ ಎಲೆಗೂ ಸಂಬಂಧ ತಪ್ಪುತ್ತದೆ, ಮರ ನಿಂತಲ್ಲೇ ಸಾಯುತ್ತದೆ. ಅದೇ ವಾರ ರಸ್ತೆಯ ಇಲಾಖೆಯವರು ಬಂದು ಕಾಂಡದ ಮೇಲೆ ಸುಣ್ಣದ ಗುರುತು ಹಾಕಿದರು. ಮಳೆಗಾಲಕ್ಕೆ ಮೊದಲು ಇನ್ನೊಮ್ಮೆ ಬಂದು ನೋಡುವುದು, ಒಣಗಿದ್ದರೆ ಕಡಿಯುವುದು, ಹೇಗೂ ಆ ತಿರುವನ್ನು ನೇರ ಮಾಡಬೇಕೆಂದು ಇದೆ ಎಂದು ಹೇಳಿ ಹೋದರು.

ಆ ದಿನ ವಾರಿಜಕ್ಕ ಕೊಡ ಬೋರಲು ಹಾಕಿದಳು. ಭಾನುವಾರ ನಾವು ಹೋದಾಗ ಮಜ್ಜಿಗೆ ಕೊಡಲಿಲ್ಲ.

“ಮರ ಹೋದರೆ ರಸ್ತೆ ನೆಟ್ಟಗೆ ಬರ್ತದೆ ಮಾಸ್ಟ್ರೇ. ರಸ್ತೆ ನೆಟ್ಟಗೆ ಬಂದರೆ ನಾನು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿ ಕೂತುಕೊಳ್ಳುವುದು? ಬೋರ್ಡು ಹಾಕುವ ಮೊದಲು ಇಷ್ಟು ವರ್ಷ ಇದನ್ನು ಒಬ್ಬ ಮುಟ್ಟಲಿಲ್ಲ. ನೀವು ಕಲಿಸಿದ್ದು, ನೀವೇ ಮರೆಸಿ.”

ಕಲಿಸಿದ್ದನ್ನು ಮರೆಸುವ ವಿದ್ಯೆ ಯಾವ ವಿಶ್ವವಿದ್ಯಾನಿಲಯದಲ್ಲೂ ಇಲ್ಲ. ಪರೀಕ್ಷೆ ಮುಗಿದ ಮೇಲೆ ಅದು ತಾನಾಗಿಯೇ ಆಗುತ್ತದೆ ನಿಜ, ಬೇಕೆಂದಾಗ ಆಗುವುದಿಲ್ಲ. ಬೋರ್ಡು ಕಿತ್ತೆವು. ಯಾರೂ ಏನೂ ಮರೆಯಲಿಲ್ಲ. ‘ತೊಗಟೆ ಕೀಳಬಾರದು’ ಎಂಬ ಇನ್ನೊಂದು ಬೋರ್ಡು ಹಾಕಿದೆವು. ತೊಗಟೆಯಲ್ಲಿ ವಿಷಯ ಇದೆ ಎಂದು ಅಲ್ಲಿಯವರೆಗೆ ಗೊತ್ತಿಲ್ಲದಿದ್ದವರಿಗೂ ಗೊತ್ತಾಯಿತು. ಮುಳ್ಳುತಂತಿ ಸುತ್ತಿಸಿದೆವು, ತಂತಿ ಒಳ್ಳೆಯದಿತ್ತು, ಯಾರೋ ತೋಟಕ್ಕೆ ಒಯ್ದರು. ಕೊನೆಗೆ ಮರದಡಿಯಲ್ಲೇ ತುರ್ತು ಸಭೆ ಸೇರಿದೆವು. ಒಬ್ಬರು ಜಾಗೃತಿ ಜಾಥಾ ಎಂದರು. ಒಬ್ಬರು ಬೀದಿನಾಟಕ ಎಂದರು. ಅಧ್ಯಕ್ಷರು ‘ವಿಷ’ ಎಂದು ಬರೆದು ತಲೆಬುರುಡೆಯ ಚಿತ್ರ ಹಾಕಿಸೋಣ ಎಂದರು.

ಮಾಸ್ಟ್ರು, ವಿಷ ಅಲ್ಲ, ವಿಷ ಅಂತ ಬರೆಯಲಾಗದು ಎಂದರು. ಮರವನ್ನು ಕೊಲ್ಲುತ್ತಿರುವುದು ನಮ್ಮ ಬೋರ್ಡಿನ ಒಂದು ಅರ್ಧ ಸತ್ಯ, ಅದನ್ನು ಪೂರ್ತಿ ಸುಳ್ಳಿನಿಂದ ಉಳಿಸುವುದಾದರೆ ನಾವು ಯಾಕೆ ಬೇಕು ಎಂದರು. ಮರ ಬೇಕೋ ಮಾತು ಬೇಕೋ ಎಂದು ಆ ಮನುಷ್ಯನನ್ನು ಯಾರೂ ಈ ಮೊದಲು ಕೇಳಿರಲಿಲ್ಲ.

ವಾರಿಜಕ್ಕ ಸೀಯಾಳ ಕೆತ್ತುತ್ತಾ ಕೇಳುತ್ತಿದ್ದಳು. ಕತ್ತಿ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

“ವಿಷ ಅಂದರೆ ಇವರು ಹೆದರುವುದಿಲ್ಲ ಮೇಡಮ್. ಸಾಯುವ ಹೆದರಿಕೆ ಇದ್ದವರು ಬೆಳಿಗ್ಗೆ ನಡೆದು, ಹತ್ತು ಗಂಟೆಗೆ ಎಣ್ಣೆಯಲ್ಲಿ ಕರಿದ ಗೋಳಿಬಜೆ ತಿಂತಾರಾ? ಮಂಡೆಯ ಕೂದಲು ಉದುರ್ತದೆ ಅಂತ ಬರೆಯಿರಿ. ಒಬ್ಬ ಹತ್ತಿರ ಬಂದರೆ ಕೇಳಿ.”

ಅಧ್ಯಕ್ಷರ ಕೈ ತಾನಾಗಿಯೇ ತಲೆಗೆ ಹೋಯಿತು. ಆ ಕ್ಷಣದಲ್ಲೇ ನನಗೆ ಅವಳ ಉಪಾಯದ ಮೇಲೆ ಪೂರ್ತಿ ಭರವಸೆ ಬಂತು.

ನನಗೆ ಆಗ ನೆನಪಾದದ್ದು ಎಂ.ಎ. ತರಗತಿಯಲ್ಲಿ ಓದಿದ ಕಲ್ಲಿನ ಶಾಸನಗಳು. ಹಳೆಯ ಅರಸರು ದಾನ ಕೊಡುವಾಗ, ಮೂಡಲಿಗೆ ಈ ಮರ, ಪಡುವಲಿಗೆ ಆ ಹುತ್ತ ಎಂದು ಗಡಿ ಹೇಳಿ ಅಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ. ಇದನ್ನು ಕೆಡಿಸಿದವನು ಕಾಶಿಯಲ್ಲಿ ಹಸು ಕೊಂದ ಪಾಪಕ್ಕೆ ಹೋಗುತ್ತಾನೆ, ಸಾವಿರಾರು ವರ್ಷ ಹೊಲಸಿನಲ್ಲಿ ಹುಳುವಾಗಿ ಬಿದ್ದಿರುತ್ತಾನೆ ಎಂದು ಕೊನೆಗೊಂದು ಶಾಪವನ್ನೂ ಕೆತ್ತಿಸುತ್ತಿದ್ದರು. ಶಾಪವನ್ನು ಓದಿ ನಾವು ವಿದ್ಯಾರ್ಥಿಗಳು ನಗುತ್ತಿದ್ದೆವು. ಜನರ ಒಳ್ಳೆಯತನದ ಮೇಲೆ ಭಾರ ಹಾಕದ ಅರಸರು ಎಷ್ಟು ತಿಳಿದವರು ಎಂದು ಅರ್ಥವಾಗಲು ನನಗೆ ಒಂದು ಗೂಡಂಗಡಿ ಬೇಕಾಯಿತು. ನರಕಕ್ಕೆ ಹೆದರುವ ಕಾಲ ಹೋಯಿತು. ನಮ್ಮ ಕಾಲದ ಪಾಪಪುಣ್ಯ ಬಾಚಣಿಗೆಯಲ್ಲಿ ಲೆಕ್ಕವಾಗುತ್ತದೆ.

ಬೋರ್ಡು ಬರೆಯಲು ಬಂದಿದ್ದ ಬಸಪ್ಪ ಗದಗದ ಕಡೆಯವನು, ಕೆಲಸಕ್ಕೆಂದು ಬಂದು ಇಲ್ಲೇ ನಿಂತವನು. ಡಬ್ಬಿಯ ಬಣ್ಣ ಕಲಸಿ ಕಲಸಿ ಅವನ ತಾಳ್ಮೆ ತೆಳ್ಳಗಾಗಿತ್ತು. “ಏನ್ ಬರೀಲ್ರೀ ಸರ? ಕೂದಲ ಅಂತ ಬರೀಲೋ, ಬ್ಯಾಡೋ? ಬಣ್ಣ ಆರಾಕ್ಹತ್ತೈತಿ,” ಎಂದ.

ಎಲ್ಲರೂ ಮಾಸ್ಟ್ರನ್ನು ನೋಡಿದೆವು. ಅವರು ಮರವನ್ನು ನೋಡಿದರು. ಅಲ್ಲದ್ದನ್ನು ಹೌದೆಂದು ಬರೆಯಲು ತಾನು ಹೇಳುವುದಿಲ್ಲ ಎಂದು ಬಹಳ ಮೆಲ್ಲಗೆ ಹೇಳಿದರು. ಆಗ ನಾನು, ಬ್ಯಾಂಕಿನ ಪತ್ರಗಳನ್ನು ಬರೆದು ಪಳಗಿದ ಕೈಯವಳು, ‘ಎಂದು ಹಿರಿಯರು ಹೇಳುತ್ತಾರೆ’ ಅಂತ ಕೊನೆಗೆ ಸೇರಿಸಿದರೆ ಹೇಗೆ ಎಂದೆ. ಯಾವ ಹಿರಿಯರು ಹೇಳಿದ್ದಾರೆ ಎಂದು ಮಾಸ್ಟ್ರು ತಕ್ಷಣ ಕೇಳಿದರು.

“ನಾನು ಈಗ ಹೇಳ್ಲಿಲ್ವಾ?” ಎಂದಳು ವಾರಿಜಕ್ಕ. “ಐವತ್ತು ದಾಟಿತು ನನಗೆ. ಇಲ್ಲಿ ನನಗಿಂತ ಹಿರಿಯರು ನೀವೊಬ್ಬರೇ. ನೀವೂ ಹೇಳುವುದಾದರೆ ಇಬ್ಬರಾಯಿತು.”

ಆ ವಾಕ್ಯದಲ್ಲಿ ಹಿಡಿಯಲು ಮಾಸ್ಟ್ರಿಗೆ ಒಂದು ತಪ್ಪೂ ಸಿಗಲಿಲ್ಲ. ಹಿರಿಯಳೊಬ್ಬಳು ಹೇಳಿದ್ದು ನಿಜ. ಹೇಳಿದ್ದಾಳೆ ಎಂದು ಬರೆಯುವುದೂ ನಿಜ. ಅವರು ಪಕ್ಕಕ್ಕೆ ಸರಿದು ನಿಂತು ನದಿಯ ಕಡೆ ನೋಡತೊಡಗಿದರು. ಬಸಪ್ಪ ಅದನ್ನು ಒಪ್ಪಿಗೆ ಎಂದು ತಿಳಿದು ಬರೆದ: ‘ಇದರ ತೊಗಟೆಯ ನೀರು ಕುಡಿದರೆ ತಲೆಗೂದಲು ಉದುರುತ್ತದೆ ಎಂದು ಹಿರಿಯರು ಹೇಳುತ್ತಾರೆ.’

ಪಾರಂಪರಿಕ ಜ್ಞಾನ ಹೇಗೆ ಹುಟ್ಟುತ್ತದೆಂದು ದೊಡ್ಡ ದೊಡ್ಡ ಪುಸ್ತಕಗಳಿವೆ. ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ. ಹಸಿರು ಬಣ್ಣದಲ್ಲಿತ್ತು, ಒಣಗಲು ಒಂದು ಗಂಟೆ ಹಿಡಿಯಿತು.

ಮರುದಿನದಿಂದ ಪೇನಾಕತ್ತಿಗಳು ಮಾಯವಾದವು. ಅದಾಗಲೇ ತಿಂಗಳುಗಟ್ಟಲೆ ಕುಡಿದವರು ಒಬ್ಬರ ನೆತ್ತಿಯನ್ನು ಒಬ್ಬರು ಓರೆಗಣ್ಣಿನಲ್ಲಿ ನೋಡುತ್ತಾ ನಡೆದರು. ನಂಬದ ಒಬ್ಬಿಬ್ಬರನ್ನು ವಾರಿಜಕ್ಕ ತಾನೇ ವಿಚಾರಿಸಿಕೊಂಡಳು. ಮರದ ಆಚೆ ಬದಿಯಲ್ಲಿ ನಿಂತು ಅದರ ಗಾಯಕ್ಕೆ ಸೆಗಣಿ, ಕೆಮ್ಮಣ್ಣು ಕಲಸುತ್ತಿದ್ದ ಮಾಸ್ಟ್ರ ಕಡೆ ಗಲ್ಲ ಎತ್ತಿ ತೋರಿಸಿ ಅವಳು ದನಿ ತಗ್ಗಿಸಿದ್ದನ್ನು ನಾನೇ ಕೇಳಿದ್ದೇನೆ: “ಮಾಸ್ಟ್ರ ಮಂಡೆ ನೋಡಿ. ನಾನು ಎಂತದೂ ಹೇಳುವುದಿಲ್ಲ.” ಮಾಸ್ಟ್ರ ತಲೆ ಅವರ ಮೂವತ್ತನೆಯ ವಯಸ್ಸಿನಿಂದಲೇ ಕಾರ್ಕಳದ ಬಂಡೆಯಂತೆ ನುಣುಪು. ಅವರಿಗೂ ಆ ಮಾತು ಕೇಳಿಸಿತು. ಅವರು ತಲೆ ಎತ್ತಲಿಲ್ಲ. ಎತ್ತಿ ‘ಹಾಗಲ್ಲ’ ಎಂದೂ ಹೇಳಲಿಲ್ಲ. ಮಣ್ಣು ಮೆತ್ತುತ್ತಲೇ ಇದ್ದರು. ಬಿಸಿಲಿದ್ದರೂ ಆ ತಿಂಗಳೆಲ್ಲ ಅವರು ಟೊಪ್ಪಿ ಹಾಕದೆ ಬಂದದ್ದು ಕಾಕತಾಳೀಯ ಎಂದು ನಂಬಲು ನಾನು ತಯಾರಿದ್ದೇನೆ.

ಇಲಾಖೆಯವರು ಮತ್ತೆ ಬಂದಾಗ ಮರ ಅರ್ಧ ಒಣಗಿತ್ತು, ಅರ್ಧ ಚಿಗುರಿತ್ತು. ಒಣಗಿದ ಕೊಂಬೆಗಳನ್ನಷ್ಟೇ ಕಡಿದು ಹೋದರು. ರಸ್ತೆ ಇನ್ನೂ ಅಲ್ಲಿ ಸೊಂಟ ಬಳುಕಿಸುತ್ತದೆ. ಗೂಡಂಗಡಿಗೆ ವಾರಿಜಕ್ಕ ಶೀಟಿನ ಮಾಡು ಹಾಕಿಸಿದ್ದಾಳೆ. ನಮ್ಮ ಬಳಗ ಮಾತ್ರ ಉಳಿಯಲಿಲ್ಲ. ಹೋಟೆಲಿನವರು ಇಡ್ಲಿಗೆ ಭಾನುವಾರದ ದರ ಮಾಡಿದ್ದು ಕಾರಣ ಎಂದು ದಿನಚರಿ ಹೇಳುತ್ತದೆ.

ಅದಾದ ಕೆಲವು ವರ್ಷಗಳ ಮೇಲೆ ಕಾರ್ಕಳದ ಕಡೆಯ ಒಂದು ಶಾಲೆಯಲ್ಲಿ ಮಕ್ಕಳಿಗೂ ಪೋಷಕರಿಗೂ ಸೇರಿಸಿ ಗಿಡಮರಗಳ ಪರಿಚಯದ ಶಿಬಿರ ಇಟ್ಟಿದ್ದರು. ಮಾಸ್ಟ್ರನ್ನು ಕರೆದಿದ್ದರು, ಅವರ ಜೊತೆ ನಾನೂ ಹಿರಿಯಡ್ಕದ ಮೇಲಿಂದ ಬಸ್ಸಿನಲ್ಲಿ ಹೋಗಿದ್ದೆ. ಅಂಗಳದ ಮೂಲೆಯಲ್ಲಿ ಒಂದು ಬೇಂಗದ ಮರ. ಎಳೆಯದು, ನೆಟ್ಟಗಿನದು, ಮೈಯಲ್ಲಿ ಒಂದು ಗೀರಿಲ್ಲ. ಶಾಲೆಯ ಚಿಕ್ಕ ವಯಸ್ಸಿನ ಟೀಚರು ಅದರ ಮುಂದೆ ನಿಂತು ಎಲೆ, ಹೂವು, ಕಾಯಿ ಎಂದು ಚೆಂದವಾಗಿ ವಿವರಿಸಿದಳು. ಹಿಂದಿನ ಸಾಲಿನಿಂದ ಪೋಷಕರೊಬ್ಬರು ಎದ್ದು, ಇದು ಶುಗರಿಗೆ ಒಳ್ಳೆಯದಂತೆ ಹೌದಾ ಎಂದು ಕೇಳಿದರು. ಆ ಪ್ರಶ್ನೆಯ ದನಿ ನನಗೆ ಚಿರಪರಿಚಿತ.

ಟೀಚರು ಗಂಭೀರವಾಗಿ, ಹಾಗೆ ಹೇಳುವವರಿದ್ದಾರೆ, ಆದರೆ ತೊಗಟೆಯ ನೀರು ಕುಡಿದರೆ ಕೂದಲು ಉದುರುತ್ತದೆ ಎಂಬುದು ನಮ್ಮ ತುಳುನಾಡಿನ ಬಹಳ ಹಳೆಯ ತಿಳಿವಳಿಕೆ, ತನ್ನ ಅಜ್ಜಿಯೂ ಹೇಳುತ್ತಿದ್ದರು ಎಂದಳು. ಅಜ್ಜಿ ಹೇಳುತ್ತಿದ್ದರೆಂದು ಅವಳು ಮನಸಾರೆ ನಂಬಿದ್ದಳು. ಅವಳ ಮುಖದಲ್ಲಿ ಅದು ಕಾಣುತ್ತಿತ್ತು. ಯಾರಿಗೆ ಗೊತ್ತು, ಅಜ್ಜಿ ನಿಜಕ್ಕೂ ಹೇಳಿರಲೂಬಹುದು. ನಾವು ಸುಳ್ಳೆಂದು ಬರೆದದ್ದು ನಮಗಿಂತ ಮೊದಲೇ ಎಲ್ಲೋ ಇತ್ತೇನೋ ಎಂದು ನನಗೇ ಒಂದು ಗಳಿಗೆ ಅನುಮಾನ ಬಂತು.

ಪೋಷಕರಿಗೆ ಸಮಾಧಾನವಾಗಲಿಲ್ಲ. ಅವರು ಮಾಸ್ಟ್ರ ಕಡೆ ತಿರುಗಿ, ತಾವು ಬಾಟನಿಯವರು, ತಾವೇ ಹೇಳಬೇಕು, ಇದು ಹೌದಾ ಎಂದು ಕೇಳಿದರು. ಮಾಸ್ಟ್ರು ಎದ್ದು ನಿಂತರು. ನಾನು ಕಣ್ಣು ಮುಚ್ಚಿಕೊಂಡೆ. ಇಡೀ ಜೀವಮಾನದಲ್ಲಿ ನೇರ ಪ್ರಶ್ನೆಗೆ ನೇರ ಉತ್ತರ ಕೊಡದೆ ಇದ್ದವರಲ್ಲ ಅವರು.

“ಹಾಗೆ ಹೇಳುವುದನ್ನು ನಾನೂ ಕೇಳಿದ್ದೇನೆ,” ಎಂದು ಹೇಳಿ ಕುಳಿತರು. ಆಮೇಲೆ ಸೆಖೆ ಎಂದು ಗೊಣಗಿ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.